ಮಾಮ

ಮಾಮ: ಒಂದಕ್ಕೊಂದು ನಂಟಿಲ್ಲದ ಹಲವು ಭಾಷೆಗಳಲ್ಲಿ ಕಾಣುವ ಬಂಧುವಾಚಕ. ಕನ್ನಡ, ಮರಾಠಿ, ಹಿಂದಿಗಳಲ್ಲಿ ತಾಯಿಯ ಸೋದರನಿಗೆ ಈ ಹೆಸರು. ಚೀನಿ, ಸ್ವಾಹಿಲಿ, ರಷ್ಯನ್ ಮಕ್ಕಳಿಗೆ ಮಾಮ ಎಂದರೆ ತಾಯಿ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಪಿಟ್‌ಜನ್‌ಜಾರ ಭಾಷೆಯಲ್ಲಿ ತಂದೆ. ಸಂಸ್ಕೃತದ 'ಮಮ' ಈ ಸಾಲಿಗೆ ಸೇರದು; ಅದು 'ನನ್ನ' ಎಂಬ ಅರ್ಥದ ಸರ್ವನಾಮರೂಪ.

ಲ್ಯಾಟಿನ್ನಿನಲ್ಲಿ 'ಮಮ್ಮ' ತಾಯಿಯೂ ಹೌದು, ಮೊಲೆಯೂ ಹೌದು. 1758ರಲ್ಲಿ ಲಿನೇಯಸ್ ಸಸ್ತನಿಗಳಿಗೆ ಕೊಟ್ಟ 'ಮಮ್ಮೇಲಿಯ' ಎಂಬ ಹೆಸರಿನ ಬೇರು ಇದೇ.

ಎಲ್ಲಕ್ಕಿಂತ ಸೋಜಿಗದ್ದು ಜಾರ್ಜಿಯನ್. ಅಲ್ಲಿ 'ಮಾಮ' ತಂದೆ, 'ದೇದ' ತಾಯಿ. ಮಾತೃಭಾಷೆ 'ದೇದಾಎನ'; 1876ರಲ್ಲಿ ಯಾಕೊಬ್ ಗೊಗೆಬಷ್ವಿಲಿ ತಮ್ಮ ಅಕ್ಷರಮಾಲೆಯ ಪಠ್ಯಕ್ಕೆ ಇಟ್ಟ ಹೆಸರೂ ಅದೇ. ರಾಜಧಾನಿಯನ್ನು ಅಲ್ಲಿನವರು ತಾಯಿನಗರ ಎನ್ನುತ್ತಾರೆ. ಪಿತ್ರಾರ್ಜಿತ ನೆಲಕ್ಕೆ, ತಾಯ್ನಾಡಿಗೆ ಮಾತ್ರ ಮಾಮನಿಂದ ಬಂದ 'ಮಾಮುಲಿ' ಎಂಬ ಮಾತು. ಅಷ್ಟು ದೂರ ಹೋಗದೆಯೂ ಇಂಥ ಅದಲುಬದಲನ್ನು ಕಾಣಬಹುದು: ಕನ್ನಡದ ಒಡಹುಟ್ಟಾದ ತುಳುವಿನಲ್ಲಿ 'ಅಪ್ಪೆ' ತಾಯಿ, 'ಅಮ್ಮೆ' ತಂದೆ.

ನಂಟಿಲ್ಲದ ಭಾಷೆಗಳಲ್ಲೂ ಇಂಥ ಪದಗಳು ಒಂದನ್ನೊಂದು ಹೋಲುವುದಕ್ಕೆ ಕಾರಣ ಹುಡುಕಿದವರಲ್ಲಿ ಪ್ರಮುಖರು ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್. ಮಾನವಶಾಸ್ತ್ರಜ್ಞ ಜಾರ್ಜ್ ಮರ್ಡಾಕ್ ಕಲೆಹಾಕಿದ 1,072 ತಾಯಿ-ತಂದೆ ಪದಗಳನ್ನು ಆಧರಿಸಿದ ಅವರ ಪ್ರಬಂಧ 1960ರಲ್ಲಿ ಪ್ರಕಟವಾಯಿತು. ತಾಯಿಯ ಹೆಸರುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಅನುನಾಸಿಕದವು. ತಂದೆಯ ಹೆಸರುಗಳಲ್ಲಿ ಅವು ತೀರ ಕಡಿಮೆ. ಹಾಲು ಕುಡಿಯುವ ಕೂಸಿನ ಬಾಯಿ ಮುಚ್ಚಿರುತ್ತದೆ, ದನಿ ಹೊರಡುವುದು ಮೂಗಿನಿಂದ. ಆ ಗುನುಗೇ ಮುಂದೆ ಹಸಿವಿನ, ಬಳಿಕ ತಾಯಿಯ ಕರೆಯಾಗುತ್ತದೆ ಎಂಬುದು ಅವರ ವಿವರಣೆ. ಇದು ಒಲವನ್ನು ಹೇಳುತ್ತದೆಯೇ ಹೊರತು ನಿಯಮವನ್ನಲ್ಲ. ಕೂಸು ತೊದಲುತ್ತದೆ, ಆ ತೊದಲಿಗೆ ಯಾರು 'ಓ' ಎನ್ನಬೇಕೆಂಬುದನ್ನು ಹಿರಿಯರು ಗೊತ್ತುಮಾಡುತ್ತಾರೆ. ಜಾರ್ಜಿಯದ ಮನೆಗಳಲ್ಲಿ ಓಗೊಟ್ಟವನು ತಂದೆ.

ಅರ್ಥ ಬೆಳೆಯುವುದೂ ಮನೆಯ ನಡಾವಳಿಯಂತೆಯೇ. ಸೋದರಮಾವನ ಮಗಳನ್ನು ತರುವ ರೂಢಿಯಿದ್ದ ಕನ್ನಡನಾಡಿನಲ್ಲಿ 'ಮಾವ' ತಾಯಿಯ ಸೋದರನೂ ಹೌದು, ಹೆಣ್ಣು ಕೊಟ್ಟವನೂ ಹೌದು.

ತೊದಲುನುಡಿ ಎಲ್ಲೆಡೆಯೂ ಹೊಸದಾಗಿ ಹುಟ್ಟಬಲ್ಲದು. ಆದ್ದರಿಂದ ಭಾಷಾಕುಟುಂಬಗಳನ್ನು ಗುರುತಿಸುವಾಗ ವಿದ್ವಾಂಸರು ಇಂಥ ಪದಗಳನ್ನು ಸಾಕ್ಷಿಯಾಗಿ ನೆಚ್ಚುವುದಿಲ್ಲ. ಟಿಬೆಟನ್ನಿನ 'ಅಮ' ಮತ್ತು ಕನ್ನಡದ 'ಅಮ್ಮ' ಎರಡೂ ತಾಯಿಯೇ ಆದರೂ ಆ ಭಾಷೆಗಳು ಬೇರೆ ಬೇರೆ ಕುಟುಂಬಗಳಿಗೆ ಸೇರಿವೆ.