ವಿಜಯಪುರದ ಕವಿ ಕಂಡ ರಾವಣನ ಅಂತರಂಗ

ವಿಜಯಪುರವೆಂದೊಡನೆ ಜನಸಾಮಾನ್ಯರ ಕಣ್ಣೆದುರು ನಿಲ್ಲುವುದು ಆದಿಲಶಾಹಿ ಅರಸರ ಗೋಳಗುಮ್ಮಟ ಹಾಗೂ ಇಬ್ರಾಹಿಂ ರೋಜಾಗಳು. ಗೋಳಗುಮ್ಮಟ ಪೂರ್ಣಗೊಂಡದ್ದು 1656ರಲ್ಲಿ. ಅದಕ್ಕೆ ಐದು ಶತಮಾನಗಳಿಗೂ ಮೊದಲು, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಈ ನಗರಕ್ಕೆ ಬೇರೊಂದು ಕೀರ್ತಿ ಸಂದಿತ್ತು. ಸುಮಾರು 1100ರ ಹೊತ್ತಿಗೆ ಬಾಳಿದ ಮಹಾಕವಿ ನಾಗಚಂದ್ರನು ಹತ್ತೊಂಬತ್ತನೆಯ ತೀರ್ಥಂಕರರಾದ ಮಲ್ಲಿನಾಥ ಸ್ವಾಮಿಗಳಿಗೆ ಜಿನಾಲಯವನ್ನು ಕಟ್ಟಿಸಿದ ವಿಜಯಪುರವು ಇದೇ ನಗರವೆಂದು ವಿದ್ವಾಂಸರು ಗುರುತಿಸಿದ್ದಾರೆ. ಕಲ್ಲಿನಲ್ಲಿ ಕಟ್ಟಿದ್ದನ್ನು ಮಾತಿನಲ್ಲಿಯೂ ಕಟ್ಟಬೇಕೆಂಬ ಭಕ್ತಿಯಿಂದ ಆತನು ‘ಮಲ್ಲಿನಾಥ ಪುರಾಣ’ವನ್ನು ರಚಿಸಿದನು. ಹದಿನಾರು ಆಶ್ವಾಸಗಳ ‘ರಾಮಚಂದ್ರಚರಿತ ಪುರಾಣ’ ಆತನ ಇನ್ನೊಂದು ಚಂಪೂಕಾವ್ಯ. ಆದಿಕವಿಯ ಹೆಸರನ್ನು ಗೌರವದಿಂದ ಧರಿಸಿ ‘ಅಭಿನವ ಪಂಪ’ನೆನಿಸಿದ ಈ ಕವಿಯ ಆ ಕಾವ್ಯವು ಲೋಕದಲ್ಲಿ ‘ಪಂಪ ರಾಮಾಯಣ’ವೆಂದೇ ಪ್ರಸಿದ್ಧವಾಗಿದೆ.

ಸಹಸ್ರಫಣಿ ಪಾರ್ಶ್ವನಾಥರ ಸನ್ನಿಧಿಯುಳ್ಳ ವಿಜಯಪುರ, ಬಾಬಾನಗರದ ಪುಣ್ಯಕ್ಷೇತ್ರವನ್ನು ಒಳಗೊಂಡ ತಿಕೋಟಾ ಭಾಗ, ಡೋಣಿಯ ಕರಿನೆಲದ ಬಬಲೇಶ್ವರ ಸೀಮೆ, ಇವುಗಳ ಶ್ರಾವಕಸಮುದಾಯಕ್ಕೆ ನಾಗಚಂದ್ರನು ಹೊರಗಿನವನಲ್ಲ. ಜಿನಬಿಂಬದ ಪ್ರತಿಷ್ಠೆಯ ಶುಭಸಂದರ್ಭದಲ್ಲಿ ಆತನನ್ನು ಸ್ಮರಿಸುವುದು ಯುಕ್ತವೇ ಸರಿ. ಆದರೆ ಬಸದಿಯನ್ನು ಕಟ್ಟಿಸಿದ ಆ ಕೈಯೇ ರಾವಣನೆಂಬ ಪಾತ್ರವನ್ನೂ ಕಡೆಯಿತು. ಪರಸ್ತ್ರೀಯನ್ನು ಅಪಹರಿಸಿದವನ ಮೇಲೆ ಒಬ್ಬ ಧರ್ಮಿಷ್ಠ ಕವಿಗೆ ಇಷ್ಟೊಂದು ಅನುಕಂಪ ಏಕೆ? ಆ ರಾವಣನ ಮನಸ್ಸಿಗೆ ತಗುಲಿದ್ದ ರೋಗ ಯಾವುದು? ಪ್ರಕೃತ ಲೇಖನದಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವುದು ಇದನ್ನೇ.

ಜೈನ ಪರಂಪರೆಯ ರಾವಣ

ಜೈನ ರಾಮಕಥೆಗೆ ದೀರ್ಘವಾದ ಪರಂಪರೆಯಿದೆ. ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’, ರವಿಷೇಣಾಚಾರ್ಯರ ಸಂಸ್ಕೃತ ‘ಪದ್ಮಪುರಾಣ’ ಇವುಗಳ ಹಾದಿಯಲ್ಲಿಯೇ ನಾಗಚಂದ್ರನು ನಡೆದಿದ್ದಾನೆ. ಈ ಪರಂಪರೆಯಲ್ಲಿ ರಾವಣನು ನರಮಾಂಸ ತಿನ್ನುವ ಅಸುರನಲ್ಲ. ವಿದ್ಯಾಧರ ಕುಲದ ಮಾನವ. ಅವನಿಗೆ ಹತ್ತು ತಲೆಗಳೂ ಇಲ್ಲ. ಬಾಲ್ಯದಲ್ಲಿ ಧರಿಸಿದ ರತ್ನಹಾರದ ಒಂಬತ್ತು ಮಣಿಗಳಲ್ಲಿ ಮುಖವು ಪ್ರತಿಬಿಂಬಿಸಿದ್ದರಿಂದ ಅವನಿಗೆ ದಶಮುಖನೆಂಬ ಹೆಸರು ಬಂದಿತು. ಅವನು ಜಿನಭಕ್ತ, ಶೂರ, ವಿದ್ಯಾವಂತ. ಬಲದೇವ ವಾಸುದೇವರಾದ ರಾಮಲಕ್ಷ್ಮಣರಿಗೆ ಎದುರಾಗಿ ನಿಲ್ಲುವ ಪ್ರತಿವಾಸುದೇವ. ಅರವತ್ತುಮೂರು ಶಲಾಕಾಪುರುಷರಲ್ಲಿ ಅವನಿಗೂ ಸ್ಥಾನವುಂಟು.

ಎಲ್ಲಕ್ಕಿಂತ ಮುಖ್ಯವಾಗಿ ಅವನು ವ್ರತಧಾರಿ. ಅನಂತವೀರ್ಯ ಕೇವಲಿಗಳ ಸನ್ನಿಧಿಯಲ್ಲಿ, ತನ್ನನ್ನು ಬಯಸದ ಪರಸ್ತ್ರೀಯನ್ನು ತಾನು ಮುಟ್ಟೆನೆಂದು ನಿಯಮ ಹಿಡಿದವನು. ಅವನ ಚಾರಿತ್ರ್ಯಕ್ಕೆ ಉಪರಂಭೆಯ ಪ್ರಸಂಗವು ನಿದರ್ಶನ. ನಳಕೂಬರನ ಪತ್ನಿಯಾದ ಆಕೆ ರಾವಣನಲ್ಲಿ ಅನುರಕ್ತಳಾಗಿ ಗೂಢವಾಗಿ ದೂತಿಯನ್ನು ಕಳುಹಿಸುತ್ತಾಳೆ. ದುರ್ಗವನ್ನು ಕಾಯುತ್ತಿದ್ದ ವಿದ್ಯೆಯನ್ನೇ ಅವನಿಗೆ ಒಪ್ಪಿಸುತ್ತಾಳೆ. ಕೋಟೆಯನ್ನು ಗೆದ್ದ ರಾವಣನು ಆಕೆಯನ್ನು ಸ್ವೀಕರಿಸುವುದಿಲ್ಲ. ವಿದ್ಯೆಯನ್ನು ಕೊಟ್ಟುದರಿಂದ ಆಕೆ ತನಗೆ ಗುರುಸಮಾನಳೆಂದು ತಿಳಿಹೇಳಿ ಗಂಡನ ಬಳಿಗೆ ಕಳುಹಿಸುತ್ತಾನೆ. ತಾನಾಗಿ ಒಲಿದು ಬಂದವಳನ್ನು ನಿರಾಕರಿಸಿದ ಇದೇ ಪುರುಷನು ಮುಂದೆ ಒಲ್ಲದವಳನ್ನು ಹೊತ್ತೊಯ್ಯುತ್ತಾನೆ. ಈ ಎರಡು ಪ್ರಸಂಗಗಳ ನಡುವಣ ಅಂತರದಲ್ಲಿಯೇ ಕವಿಯ ಮನೋವಿಶ್ಲೇಷಣೆಯು ಅಡಗಿದೆ.

ಮನಸ್ಸು ಮಾರ್ಪಟ್ಟ ಬಗೆ

ಸೂರ್ಯಹಾಸ ಖಡ್ಗಕ್ಕಾಗಿ ಬಿದಿರ ಮೆಳೆಯೊಳಗೆ ತಪಸ್ಸು ಮಾಡುತ್ತಿದ್ದ ಶಂಬೂಕನು ಲಕ್ಷ್ಮಣನ ಕೈಯಿಂದ ಅರಿಯದೆ ಹತನಾಗುತ್ತಾನೆ. ಅವನ ತಾಯಿ ಚಂದ್ರನಖಿ ರಾವಣನ ತಂಗಿ. ಆಕೆಯ ದುಃಖದಿಂದ ಖರದೂಷಣನ ಯುದ್ಧ ಮೊದಲಾಗುತ್ತದೆ. ಸಹಾಯಕ್ಕೆಂದು ಪುಷ್ಪಕವಿಮಾನದಲ್ಲಿ ಬಂದ ರಾವಣನು ಅಕಸ್ಮಾತ್ತಾಗಿ ಸೀತೆಯನ್ನು ಕಾಣುತ್ತಾನೆ. ಯುದ್ಧವೂ ಬಂಧುಕಾರ್ಯವೂ ಮರೆತುಹೋಗುತ್ತವೆ. ಕಪಟ ಸಿಂಹನಾದದಿಂದ ರಾಮನನ್ನು ದೂರ ಸರಿಸಿ ಅಪಹರಣವನ್ನು ಎಸಗುತ್ತಾನೆ.

ಕಡಲು ಕೂಡ ಒಮ್ಮೊಮ್ಮೆ ಮೇರೆಯನ್ನು ಮೀರುವುದುಂಟೆಂಬ ಭಾವದಿಂದ ಕವಿ ಈ ಪತನವನ್ನು ಕಂಡಿದ್ದಾನೆ. ಡೋಣಿಯ ದಂಡೆಯ ರೈತರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ‘ಡೋಣಿ ಹರಿದರೆ ಓಣಿಯೆಲ್ಲ ಕಾಳು’ ಎಂದು ಹೊಗಳಿಸಿಕೊಂಡ ನದಿಯೇ ದಂಡೆ ಮೀರಿದ ದಿನ ಬೆಳೆದ ಪೈರನ್ನು ಹೂಳಿನಲ್ಲಿ ಮುಚ್ಚಿಬಿಡುತ್ತದೆ. ಪಾತ್ರದ ಒಳಗಿದ್ದಾಗ ನೆಲವನ್ನು ಪೋಷಿಸಿದ ನೀರೇ ಪಾತ್ರ ತಪ್ಪಿದಾಗ ಅದನ್ನು ಕೆಡಿಸುತ್ತದೆ. ರಾವಣನ ಶಕ್ತಿಯೂ ಅಂತಹುದೇ.

ಅಪಹರಣದ ಬಳಿಕ ಅವನು ವ್ರತವನ್ನು ನೆನೆಯುತ್ತಾನೆ. ಸೀತೆಯನ್ನು ಪ್ರಮದವನದಲ್ಲಿ ಇರಿಸಿ ಬಲಾತ್ಕರಿಸದೆ ಉಳಿಯುತ್ತಾನೆ. ಇಲ್ಲಿ ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತು. ಕದ್ದು ತಂದದ್ದನ್ನು ಮುಟ್ಟದಿರುವುದು ಸಂಯಮವೆಂದು ಅವನ ಮನಸ್ಸು ತನಗೆ ತಾನೇ ಹೇಳಿಕೊಂಡಿತು. ಇಂದಲ್ಲ ನಾಳೆ ಆಕೆ ಒಲಿದಾಳೆಂದು ನಂಬಿತು. ನಂಬಿಕೆಗೂ ನಡತೆಗೂ ವಿರೋಧವುಂಟಾದಾಗ ಮನಸ್ಸು ಆ ಅಶಾಂತಿಯನ್ನು ತಾಳಲಾರದೆ ಸಮಾಧಾನದ ಕಾರಣಗಳನ್ನು ಹುಡುಕುತ್ತದೆಂದು ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1957ರಲ್ಲಿ ಪ್ರತಿಪಾದಿಸಿದನು. ಆ ಸ್ಥಿತಿಯ ಜೀವಂತ ಚಿತ್ರ ಹನ್ನೆರಡನೆಯ ಶತಮಾನದ ಆದಿಭಾಗದ ಕನ್ನಡ ಕಾವ್ಯದಲ್ಲಿಯೇ ದೊರೆಯುವುದು ಗಮನಾರ್ಹ.

ಶಾಸ್ತ್ರವು ಮಾಡುವ ರೋಗನಿರ್ಣಯ

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ರಾವಣನನ್ನು ಮಾನಸಿಕ ರೋಗಿಯೆಂದು ಕರೆಯುವುದು ಸಲ್ಲದು. ವೈದ್ಯನು ರೋಗವನ್ನು ನಿರ್ಣಯಿಸುವುದು ಎದುರಿಗಿರುವ ಜೀವಂತ ವ್ಯಕ್ತಿಯನ್ನು ಪರೀಕ್ಷಿಸಿ. ಕಾವ್ಯಪಾತ್ರಕ್ಕೆ ವೈದ್ಯಕೀಯ ಹೆಸರನ್ನು ಅಂಟಿಸುವುದು ವಿಜ್ಞಾನವೂ ಅಲ್ಲ, ವಿಮರ್ಶೆಯೂ ಅಲ್ಲ. ಮೇಲಾಗಿ, ಮನೋರೋಗದಿಂದ ನರಳುವವರು ದುಷ್ಟರಲ್ಲ. ದುಷ್ಕೃತ್ಯವೆಸಗಿದವರೆಲ್ಲ ಮನೋರೋಗಿಗಳೂ ಅಲ್ಲ. ಈ ಎರಡನ್ನು ಬೆರೆಸಿದರೆ ನರಳುವವರಿಗೆ ಅನ್ಯಾಯವಾಗುತ್ತದೆ. ರಾವಣನು ಹುಚ್ಚನಲ್ಲ. ತಾನು ಮಾಡುತ್ತಿರುವುದು ಏನೆಂಬುದನ್ನು ಅವನು ಬಲ್ಲ. ಬಲ್ಲವನಾಗಿಯೂ ತಡೆಯಲಾರದೆ ಹೋದುದೇ ಅವನ ದುರಂತ.

ಈ ಅವಸ್ಥೆಯನ್ನು ಹೇಳಲು ಜೈನಶಾಸ್ತ್ರವೇ ಸೂಕ್ಷ್ಮವಾದ ಪರಿಭಾಷೆಯನ್ನು ಒದಗಿಸಿದೆ. ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ದ ಎಂಟನೆಯ ಅಧ್ಯಾಯದಲ್ಲಿ ಮೋಹನೀಯ ಕರ್ಮಕ್ಕೆ 28 ಭೇದಗಳು ಉಕ್ತವಾಗಿವೆ. ದರ್ಶನಮೋಹನೀಯ 3, ಚಾರಿತ್ರಮೋಹನೀಯ 25. ಈ ಇಪ್ಪತ್ತೈದರಲ್ಲಿ ಕ್ರೋಧ, ಮಾನ, ಮಾಯೆ, ಲೋಭಗಳು ತಮ್ಮ ತೀವ್ರತೆಗೆ ತಕ್ಕಂತೆ ಹದಿನಾರಾದರೆ, ರತಿ, ಅರತಿ, ಶೋಕ, ಭಯ ಮೊದಲಾದ ನೋಕಷಾಯಗಳು ಒಂಬತ್ತು. ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನದ ವಿಚಾರವಿದೆ. ಇಷ್ಟವಾದುದು ದೊರೆಯದೆ ಅದನ್ನೇ ನೆನೆನೆನೆದು ಕುದಿಯುವುದು ಆರ್ತಧ್ಯಾನ. ಹಿಂಸೆ, ಅಸತ್ಯ, ಚೌರ್ಯ, ವಿಷಯಸಂರಕ್ಷಣೆಗಳಲ್ಲಿ ಚಿತ್ತವನ್ನು ನಿಲ್ಲಿಸುವುದು ರೌದ್ರಧ್ಯಾನ.

ಈ ಅಳತೆಗೋಲಿನಿಂದ ನೋಡಿದರೆ ರಾವಣನ ಚಿತ್ತವು ಆರ್ತದಿಂದ ರೌದ್ರಕ್ಕೆ ಇಳಿದುದು ಸ್ಪಷ್ಟವಾಗುತ್ತದೆ. ಮಂಡೋದರಿ, ವಿಭೀಷಣ ಮೊದಲಾದ ಆಪ್ತರ ಮಾತು ಅವನಿಗೆ ಹಿತವೆನಿಸದೆ ಅಪಮಾನವೆನಿಸುತ್ತದೆ. ಹಿತ ನುಡಿದ ತಮ್ಮನು ಶತ್ರುಪಕ್ಷವನ್ನು ಸೇರಬೇಕಾಗುತ್ತದೆ. ಮನಸ್ಸು ಕೆಟ್ಟುದಕ್ಕೆ ಇದಕ್ಕಿಂತ ದೊಡ್ಡ ಲಕ್ಷಣ ಬೇಕಿಲ್ಲ.

ಶಾಂತಿನಾಥ ಜಿನಾಲಯದಲ್ಲಿ

ಯುದ್ಧವು ಉಗ್ರವಾದಾಗ ರಾವಣನು ಲಂಕೆಯ ಶಾಂತಿನಾಥ ಜಿನಾಲಯವನ್ನು ಪ್ರವೇಶಿಸುತ್ತಾನೆ. ಬಹುರೂಪಿಣಿ ವಿದ್ಯೆಯನ್ನು ಸಾಧಿಸಲು ಅಲ್ಲಿ ನಿಶ್ಚಲನಾಗಿ ಕುಳಿತುಕೊಳ್ಳುತ್ತಾನೆ. ಅಂಗದಾದಿ ಕಪಿಧ್ವಜರು ಒಳನುಗ್ಗಿ ಧ್ಯಾನವನ್ನು ಕೆಡಿಸಲು ಯತ್ನಿಸುತ್ತಾರೆ, ಮಂಡೋದರಿಯನ್ನು ಅವನ ಎದುರಿನಲ್ಲಿಯೇ ಅವಮಾನಿಸುತ್ತಾರೆ. ಅವನು ಕದಲುವುದಿಲ್ಲ. ವಿದ್ಯೆ ಸಿದ್ಧಿಸುತ್ತದೆ.

ಎಂತಹ ಏಕಾಗ್ರತೆ! ಇದೇ ಚಿತ್ತಸ್ಥೈರ್ಯವು ಕರ್ಮಕ್ಷಯಕ್ಕೆ ಮೀಸಲಾಗಿದ್ದರೆ ಅವನನ್ನು ಯಾವ ಎತ್ತರಕ್ಕೆ ಒಯ್ಯುತ್ತಿತ್ತು! ಆದರೆ ಅವನು ಶಾಂತಿಜಿನನ ಎದುರು ಕುಳಿತು ಬೇಡಿದ್ದು ಶಾಂತಿಯನ್ನಲ್ಲ, ಜಯವನ್ನು. ಬಸದಿಯ ಹೊಸ್ತಿಲಲ್ಲಿ ಪಾದರಕ್ಷೆಯನ್ನು ಬಿಟ್ಟನು, ಮಾನವನ್ನು ಬಿಡಲಿಲ್ಲ. ಪ್ರತಿಷ್ಠಾಮಹೋತ್ಸವಕ್ಕೆ ಕೂಡುವ ಭವ್ಯಜನರು ಮನನ ಮಾಡಬೇಕಾದ ಪ್ರಸಂಗವಿದು.

ಪರಿವರ್ತನೆ ಮತ್ತು ವಿಳಂಬ

ವಿದ್ಯೆಯ ಗರ್ವದಿಂದ ರಾವಣನು ಸೀತೆಯ ಬಳಿಗೆ ಬಂದು ಇನ್ನು ರಾಮನಿಗೆ ಉಳಿವಿಲ್ಲವೆಂದು ನುಡಿಯುತ್ತಾನೆ. ಪತಿಯ ಪ್ರಾಣವೇ ತನ್ನ ಪ್ರಾಣವೆಂದ ಆಕೆ ಮೂರ್ಛೆ ಹೋಗುತ್ತಾಳೆ. ಆ ಕ್ಷಣದಲ್ಲಿ ಅವನೊಳಗೆ ಏನೋ ಕರಗುತ್ತದೆ. ಆವರೆಗೆ ಸೀತೆಯು ಅವನಿಗೆ ತನ್ನ ಬಯಕೆಯ ವಸ್ತುವಾಗಿದ್ದಳು. ಈಗ ಮೊದಲ ಬಾರಿಗೆ ಆಕೆ ದುಃಖಪಡುವ ಒಂದು ಜೀವವಾಗಿ ಕಾಣುತ್ತಾಳೆ. ಒಲಿದ ದಂಪತಿಗಳನ್ನು ಅಗಲಿಸಿದೆನಲ್ಲಾ, ವಿಭೀಷಣನ ಮಾತನ್ನು ಮೀರಿದೆನಲ್ಲಾ ಎಂದು ಪಶ್ಚಾತ್ತಾಪಪಡುತ್ತಾನೆ. ಅನುರಾಗವು ಅಳಿದು ಮನಸ್ಸು ತಿಳಿಯಾಗುತ್ತದೆ.

ಕಥೆ ಇಲ್ಲಿಯೇ ಮುಗಿಯಬಹುದಾಗಿತ್ತು. ಸೀತೆಯನ್ನು ಆ ಗಳಿಗೆಯಲ್ಲಿಯೇ ಕಳುಹಿಸಿದ್ದರೆ ಲಂಕೆ ಉಳಿಯುತ್ತಿತ್ತು, ರಾವಣನೂ ಉಳಿಯುತ್ತಿದ್ದನು. ಆದರೆ ಮರುಕ್ಷಣವೇ ಇನ್ನೊಂದು ಯೋಚನೆ ತಲೆಯೆತ್ತುತ್ತದೆ. ಈಗ ಒಪ್ಪಿಸಿದರೆ ಹೆದರಿ ಒಪ್ಪಿಸಿದನೆಂದು ಲೋಕ ಆಡಿಕೊಳ್ಳದೇ? ಆದ್ದರಿಂದ ಮೊದಲು ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೋಲಿಸಿ ಸೆರೆಹಿಡಿಯುವುದು, ಅನಂತರ ಔದಾರ್ಯದಿಂದ ಸೀತೆಯನ್ನು ಒಪ್ಪಿಸುವುದು! ಹೀಗೆ ನಿಶ್ಚಯಿಸಿ ರಣರಂಗಕ್ಕೆ ಹೋಗುತ್ತಾನೆ. ಅವನೆಸೆದ ಚಕ್ರರತ್ನವು ಲಕ್ಷ್ಮಣನ ವಶವಾಗಿ ಅವನನ್ನೇ ಕೊಲ್ಲುತ್ತದೆ.

ರಾವಣನಿಗೆ ಎರಡು ವ್ಯಾಧಿಗಳಿದ್ದವು. ಮೊದಲನೆಯದು ಕಾಮ, ಎರಡನೆಯದು ಮಾನ. ಮೊದಲನೆಯದರಿಂದ ಅವನು ಗುಣಮುಖನಾದನು. ಎರಡನೆಯದರಿಂದ ಸತ್ತನು. ಸಾಮಾನ್ಯ ಕಥೆಗಳಲ್ಲಿ ರಾವಣನು ಪರಸ್ತ್ರೀವ್ಯಾಮೋಹದಿಂದ ಹಾಳಾದವನು. ನಾಗಚಂದ್ರನಲ್ಲಿ ಆ ವ್ಯಾಮೋಹವು ತೀರಿದ ಮೇಲೆ ಹಾಳಾದವನು. ಅವನ ಪಶ್ಚಾತ್ತಾಪದಲ್ಲಿ ಕಪಟವಿರಲಿಲ್ಲ, ವಿಳಂಬವಿತ್ತು.

ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಈ ರಾವಣನಲ್ಲಿ ದುರಂತನಾಯಕನ ಲಕ್ಷಣಗಳನ್ನು ಗುರುತಿಸಿ ವಿದ್ವಲ್ಲೋಕದ ಗಮನವನ್ನು ಇತ್ತ ಸೆಳೆದರು. ಉತ್ತಮನಾದವನು ತನ್ನೊಳಗಿನ ಒಂದು ದೋಷದಿಂದ ಕೆಡುವುದನ್ನು ಕಂಡಾಗ ಕರುಣೆಯೂ ಭೀತಿಯೂ ಹುಟ್ಟುತ್ತವೆಂದು ಗ್ರೀಕರ ಅರಿಸ್ಟಾಟಲನು ಹೇಳಿದ್ದನು. ಗ್ರೀಕ್ ದುರಂತದಲ್ಲಿ ವಿಧಿಯ ಕೈವಾಡ ಹಿರಿದು. ಜೈನಕವಿಯಲ್ಲಿ ವಿಧಿಯೆಂಬುದು ಹೊರಗಿನದಲ್ಲ. ತಾನು ಕಟ್ಟಿಕೊಂಡ ಕರ್ಮ ತನ್ನೊಳಗೇ ಉದಯಕ್ಕೆ ಬರುತ್ತದೆ. ಆದ್ದರಿಂದ ಇಲ್ಲಿ ಕರುಣೆಯೊಡನೆ ಹೊಣೆಯೂ ಇದೆ.

ಕಮಠ ಮತ್ತು ರಾವಣ

ವಿಜಯಪುರದ ಪಾರ್ಶ್ವನಾಥ ಬಿಂಬದ ಮೇಲೆ ಹರಡಿದ ಸಹಸ್ರ ಹೆಡೆಗಳು ಇನ್ನೊಬ್ಬ ಪ್ರತಿನಾಯಕನನ್ನು ನೆನಪಿಸುತ್ತವೆ. ಅವನೇ ಕಮಠ. ಭವಭವಾಂತರಗಳಲ್ಲಿ ವೈರವನ್ನು ಬೆಳೆಸಿ, ಕೊನೆಗೆ ದೇವನಾಗಿ ಹುಟ್ಟಿಯೂ ಧ್ಯಾನಸ್ಥರಾದ ಪಾರ್ಶ್ವಪ್ರಭುಗಳ ಮೇಲೆ ಘೋರ ಮಳೆಯನ್ನು ಸುರಿಸಿದವನು. ಧರಣೇಂದ್ರನ ಹೆಡೆಗಳು ಆ ಉಪಸರ್ಗವನ್ನು ತಡೆದವು. ಅಷ್ಟು ದೀರ್ಘವಾದ ವೈರವೂ ಪ್ರಭುಗಳಿಗೆ ಕೇವಲಜ್ಞಾನ ಉದಿಸಿದೊಡನೆ ಶಾಂತವಾಯಿತು. ಕಮಠನ ಜೀವವು ಅಲ್ಲಿಯೇ ಬಾಗಿ ಸಮ್ಯಕ್ತ್ವವನ್ನು ಪಡೆಯಿತು. ಅವನು ಗೆದ್ದು ಬಾಗುವೆನೆನ್ನಲಿಲ್ಲ, ಸೋತು ಬಾಗಿದನು. ಪಾಪದ ಮೊತ್ತದಲ್ಲಿ ರಾವಣನಿಗಿಂತ ಹಿರಿಯನಾದವನು ಬಾಗುವುದರಲ್ಲಿ ಅವನಿಗಿಂತ ಮುಂದಾದನು.

ಉಪಸಂಹಾರ

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ದಲ್ಲಿ ಮಾನಕಷಾಯಕ್ಕೆ ನಾಲ್ಕು ಹೋಲಿಕೆಗಳಿವೆ: ಕಲ್ಲು, ಎಲುಬು, ಕಟ್ಟಿಗೆ ಮತ್ತು ಬೆತ್ತ. ಬೆತ್ತವು ಬೇಗ ಬಾಗುತ್ತದೆ. ಕಲ್ಲು ಬಾಗುವುದಿಲ್ಲ, ಮುರಿಯುತ್ತದೆ. ರಾವಣನದು ಕಲ್ಲಿನ ಮಾನ. ಜಿನಮಂದಿರದ ಮುಂದೆ ನಿಲ್ಲಿಸುವ ಮಾನಸ್ತಂಭವೂ ಕಲ್ಲಿನದೇ. ಆದರೆ ಅದನ್ನು ಕಂಡು ಕರಗಬೇಕಾದುದು ನೋಡುವವನ ಮಾನ. ವಾದಕ್ಕೆಂದು ಬಂದ ಇಂದ್ರಭೂತಿ ಗೌತಮರು ಮಹಾವೀರರ ಸಮವಸರಣದ ಮಾನಸ್ತಂಭವನ್ನು ಕಂಡೊಡನೆ ಗರ್ವವಳಿದು ಪ್ರಥಮ ಗಣಧರರಾದರು.

ಇಂದಿಗೂ ಮನೆಮನೆಗಳಲ್ಲಿ ರಾವಣನ ಆ ಕೊನೆಯ ಯೋಚನೆಯು ಬದುಕಿದೆ. ಹೊಲದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ತಪ್ಪನ್ನು ಅರಿತ ಮೇಲೆಯೂ, ನ್ಯಾಯಾಲಯದಲ್ಲಿ ಗೆದ್ದ ಬಳಿಕ ರಾಜಿಯಾಗುವೆವೆಂದು ವರ್ಷಗಳನ್ನು ಕಳೆಯುವುದುಂಟು. ಪ್ರತಿಕ್ರಮಣವನ್ನು ಅನುದಿನದ ಆವಶ್ಯಕವಾಗಿ ವಿಧಿಸಿರುವುದೂ, ದಶಲಕ್ಷಣ ಧರ್ಮಗಳಲ್ಲಿ ಉತ್ತಮ ಕ್ಷಮೆಯ ಬೆನ್ನಿಗೇ ಉತ್ತಮ ಮಾರ್ದವವನ್ನು ಇರಿಸಿರುವುದೂ ಈ ವಿಳಂಬಕ್ಕೆ ಔಷಧಿಯಾಗಿ. ಮಾನವು ಮೃದುವಾಗದೆ ಕ್ಷಮೆಯು ಬಾಯಿಂದ ಹೊರಬರದು.

ಜೈನಪುರಾಣವು ರಾವಣನನ್ನು ನರಕದಲ್ಲಿಯೇ ಬಿಟ್ಟುಬಿಡುವುದಿಲ್ಲ. ಅವನ ಜೀವವೂ ಮುಂದೊಂದು ಕಾಲದಲ್ಲಿ ತೀರ್ಥಂಕರಪದವಿಯನ್ನು ಏರುವುದೆಂದು ಪರಂಪರೆಯು ಸಾರುತ್ತದೆ. ಯಾವ ಆತ್ಮವೂ ಶಾಶ್ವತವಾಗಿ ಖಳನಲ್ಲವೆಂಬ ಈ ದೃಷ್ಟಿಯಿಂದಲೇ ಮಲ್ಲಿಜಿನನ ಭಕ್ತನಾದ ನಾಗಚಂದ್ರನಿಗೆ ರಾವಣನ ಅಂತರಂಗವನ್ನು ಕನಿಕರದಿಂದ ಕಾಣುವುದು ಸಾಧ್ಯವಾಯಿತು. ಪ್ರತಿಷ್ಠೆಗೊಳ್ಳುವ ಜಿನಬಿಂಬವು ದರ್ಶನಕ್ಕೆ ಬರುವ ಭವ್ಯರೆಲ್ಲರ ಮಾನವನ್ನು ಕರಗಿಸಲಿ; ಒಳ್ಳೆಯ ಸಂಕಲ್ಪವು ಹುಟ್ಟಿದ ಗಳಿಗೆಯಲ್ಲಿಯೇ ನೆರವೇರುವಂತಾಗಲಿ.

ಜೈನಂ ಜಯತು ಶಾಸನಂ.