ಹೈಡ್ರೋನೆಫ್ರೋಸಿಸ್

ಮೂತ್ರ ಹರಿಯುವ ದಾರಿ ಕಟ್ಟಿಕೊಂಡು ಮೂತ್ರಪಿಂಡ ಊದಿಕೊಳ್ಳುವ ಸ್ಥಿತಿ. ಮೂತ್ರಪಿಂಡದಲ್ಲಿ ರಕ್ತ ಸೋಸುವ ಸೂಕ್ಷ್ಮನಾಳಗಳ ಗೊಂಚಲಿನೊಳಗೆ ಒತ್ತಡ ಸುಮಾರು 60 ಮಿ.ಮೀ. ಪಾದರಸ, ಅದಕ್ಕೆ ಎದುರಾಗಿ ರಕ್ತದ ಪ್ರೋಟೀನುಗಳ ಸೆಳೆತ 32, ಸುತ್ತಲಿನ ಕೋಶದ ಒತ್ತಡ 18. ಉಳಿಯುವುದು 10 ಮಾತ್ರ. ದಿನಕ್ಕೆ 180 ಲೀಟರ್ ಸೋಸುವ ಕೆಲಸ ನಿಂತಿರುವುದು ಇಷ್ಟು ಸಣ್ಣ ಅಂತರದ ಮೇಲೆ! ಮೂತ್ರನಾಳದಲ್ಲಿ ಹರಳು ಸಿಕ್ಕಿಕೊಂಡರೆ ಒತ್ತಡ ಹಿಂದಕ್ಕೆ ಏರಿ ಸೋಸುವಿಕೆ ಕುಗ್ಗುತ್ತದೆ. ಭೀಮಾ ತೀರದ ದೇವಣಗಾಂವದಂಥ ಬಿಸಿಲೂರುಗಳಲ್ಲಿ, ಹೊಲದಲ್ಲಿ ಬೆವರಿ ನೀರು ಕಡಿಮೆ ಕುಡಿಯುವವರಿಗೆ ಹರಳಿನ ಅಪಾಯ ಹೆಚ್ಚು. ಒಂದೇ ಬದಿ ಕಟ್ಟಿದ್ದರೆ ಇನ್ನೊಂದು ಮೂತ್ರಪಿಂಡ ಭಾರ ಹೊರುವುದರಿಂದ ಮೂತ್ರಪಿಂಡದ ಕೆಲಸ ಅಳೆಯುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಸರಿಯಾಗಿಯೇ ಕಾಣಬಹುದು. ಹಾಗಾಗಿ ಹರಳಿನ ನೋವು ತಗ್ಗಿತೆಂದು ಸುಮ್ಮನಾಗಬಾರದು. ಊತ ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಮೂತ್ರನಾಳದೊಳಗೆ ಸ್ಟೆಂಟ್ ಇಟ್ಟು ಅಥವಾ ಬೆನ್ನಿನ ಮೂಲಕ ನಳಿಕೆ ಹಾಕಿ ಒತ್ತಡ ಇಳಿಸುತ್ತಾರೆ. ಪೂರ್ತಿ ಕಟ್ಟಿದ ದಾರಿ ವಾರಗಟ್ಟಲೆ ತೆರೆಯದಿದ್ದರೆ ಹಾನಿ ಶಾಶ್ವತವಾಗುತ್ತದೆ.