ನಿಯಾನ್ ದೀಪದ ಮೈಸೂರು ನಂಟು

ನನ್ನೇಶ್ವರನ ಪ್ರಾಚೀನ ದೇಗುಲವುಳ್ಳ ಮೈಸೂರಿನ ಹಿನಕಲ್ ಇಂದು ಹುಣಸೂರು ರಸ್ತೆಯ ಅಂಗಡಿಸಾಲಿನ ಎಲ್‌ಇಡಿ ಫಲಕಗಳಿಂದ ಥಳಥಳಿಸುತ್ತಿರುವುದಾದರೂ, ಆ ಫಲಕಗಳ ಪೂರ್ವಜನಾದ ನಿಯಾನ್ ದೀಪದ ವಂಶಾವಳಿಯನ್ನು ಅರಸಹೊರಟವರು ಹಳೆಯ ಮೈಸೂರು ಸಂಸ್ಥಾನದ ಬಾಗಿಲಿಗೇ ಬಂದು ನಿಲ್ಲುವರೆಂಬುದು ಬಹುಮಂದಿಗೆ ತಿಳಿಯದು. 1898ರಲ್ಲಿ ಲಂಡನ್ನಿನಲ್ಲಿ ನಿಯಾನ್ ಅನಿಲವನ್ನು ಕಂಡುಹಿಡಿದ ಇಬ್ಬರಲ್ಲಿ ಹಿರಿಯರಾದ ವಿಲಿಯಂ ರಾಮ್ಸೆ, ಜಮ್‌ಷೆಡ್‌ಜಿ ಟಾಟಾ ಅವರು ಸಂಕಲ್ಪಿಸಿದ್ದ ವಿಜ್ಞಾನ ಸಂಸ್ಥೆಗೆ ಯೋಗ್ಯ ಸ್ಥಳವನ್ನು ಸೂಚಿಸಲೆಂದು ಭಾರತಕ್ಕೆ ಬಂದು ಮೈಸೂರು ಸಂಸ್ಥಾನದ ಬೆಂಗಳೂರನ್ನು ಆರಿಸಿದರು. ಕಿರಿಯರಾದ ಮೋರಿಸ್ ಟ್ರಾವರ್ಸ್ ಆ ಸಂಸ್ಥೆಯ ಪ್ರಥಮ ನಿರ್ದೇಶಕರೇ ಆದರು. 1910ರಲ್ಲಿ ಪ್ಯಾರಿಸಿನಲ್ಲಿ ಜಾರ್ಜ್ ಕ್ಲಾಡ್ ನಿಯಾನ್ ಕೊಳವೆಗಳನ್ನು ಬೆಳಗಿಸಿ ಜನರನ್ನು ಬೆರಗುಗೊಳಿಸಿದಾಗ ಟ್ರಾವರ್ಸರು ಆ ಹುದ್ದೆಯಲ್ಲಿಯೇ ಇದ್ದರು.

ಅಂಥ ಕೊಳವೆಯಲ್ಲಿ ಶುದ್ಧ ನಿಯಾನ್ ಬೀರುವುದು ಕಿತ್ತಳೆಗೆಂಪನ್ನು ಮಾತ್ರ. ನೀಲಿಗೆ ಆರ್ಗಾನಿನೊಡನೆ ಪಾದರಸದ ಹನಿ ಬೇಕು. ಹಳೆಯ ನಿಯಾನ್ ಫಲಕ ಆರಿದರೆ ಕುಶಲನಾದ ಕಸುಬುದಾರನು ಮೊದಲು ಶಂಕಿಸುವುದು ಗಾಜನ್ನಲ್ಲ, ಟ್ರಾನ್ಸ್‌ಫಾರ್ಮರನ್ನೂ ತಂತಿಯ ಕೂಡುಗಳನ್ನೂ. ಏಕೆಂದರೆ 15,000 ವೋಲ್ಟುಗಳವರೆಗೂ ಏರಬಲ್ಲ ವಿದ್ಯುತ್ತು ಮಳೆಯಲ್ಲಿ ತೊಯ್ದ ಧೂಳಿನ ಮೇಲೆಯೇ ಹರಿದು ಸೋರಿಹೋಗುವುದುಂಟು. (ಸ್ವಿಚ್ಚು ಆರಿಸದೆ ಮುಟ್ಟುವವನ ಧೈರ್ಯವನ್ನು ನಾನು ಮೆಚ್ಚಲಾರೆ.) ಸುಸ್ಥಿತಿಯ ಬೇರೊಂದು ಟ್ರಾನ್ಸ್‌ಫಾರ್ಮರಿಗೆ ಜೋಡಿಸಿದಾಗಲೂ ಕೊಳವೆ ಬೆಳಗದಿದ್ದಲ್ಲಿ, ಬಹುಮಟ್ಟಿಗೆ ಬಿರುಕಿನಿಂದ ಗಾಳಿ ಒಳಹೊಕ್ಕಿರುತ್ತದೆ; ಆಗ ಬಿರುಕನ್ನು ಬೆಂಕಿಯಲ್ಲಿ ಬೆಸೆದು, ಪಂಪಿನಿಂದ ಗಾಳಿಯನ್ನು ಸೆಳೆದು, ಪ್ರಬಲ ವಿದ್ಯುತ್ತು ಹಾಯಿಸಿ ಗಾಜನ್ನು ಕಾಯಿಸಿ, ಒಳಗಂಟಿದ ಕಲ್ಮಷಗಳನ್ನು ಹೊರದೂಡಿದ ಮೇಲೆಯೇ ಅತ್ಯಲ್ಪ ಒತ್ತಡದಲ್ಲಿ ಹೊಸ ಅನಿಲವನ್ನು ತುಂಬತಕ್ಕದ್ದು. ಎಲ್‌ಇಡಿ ಪಟ್ಟಿ ಕೆಟ್ಟರೆ ಇಷ್ಟೆಲ್ಲ ಶ್ರಮವಿಲ್ಲ. ಕಿತ್ತೆಸೆದು ಹೊಸದನ್ನು ಅಂಟಿಸುವರು.